ಕೆಂಪು ಗುಂಡಿಯ ಮೇಲಿನ ಹೆಬ್ಬೆರಳು

ಪ್ರೀತಿಯ ಅಕ್ಕಾ,

ಪಕ್ಕದ ಬೀದಿಯಲ್ಲೇ ಇರುವವಳಿಗೆ ಕಾಗದ ಬರೆಯುವಂಥದ್ದೇನು ಬಂತು ಎಂದು ನೀನು ಗೊಣಗುತ್ತೀ, ಗೊತ್ತು. ಎದುರಿಗೆ ಕೂತು ಹೇಳಹೊರಟರೆ ಅರ್ಧಕ್ಕೇ ನನ್ನ ಬಾಯಿ ಮುಚ್ಚಿಸುತ್ತೀ. ಕಾಗದದ ಹತ್ತಿರ ನಿನ್ನ ಆಟ ನಡೆಯುವುದಿಲ್ಲ.

ಹೊಲಿಗೆ ಮಿಷನ್ ಒಯ್ಯಲು ಭಾನುವಾರ ಜನ ಬರುತ್ತಾರೆಂದು ಭಾವ ಹೇಳಿದರು. ನೀನೇ ಬರಹೇಳಿದ್ದೀಯಂತೆ. ಪಾರ್ಶ್ವವಾಯು ಬಡಿದ ಮೇಲೆ ನಿನ್ನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ವ್ಯಾಯಾಮ ಮಾಡಿಸುವ ಹುಡುಗಿ ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಹಿಂದೆಸೆದು, "ಇದು ನನ್ ಕೈಯಲ್ಲ ಕಣೇ, ಯಾರೋ ಬಿಟ್ಟುಹೋದ ಸಾಮಾನು" ಎಂದುಬಿಟ್ಟೆ ನೀನು. ಗೆರೆ ಎಳೆಯದೆಯೇ ನೆಟ್ಟಗೆ ಬಟ್ಟೆ ಕತ್ತರಿಸುತ್ತಿದ್ದ ಕೈ ಅದು.

ಅದಕ್ಕೇ ಅಟ್ಟದಿಂದ ನಮ್ಮ ಹಳೆಯ ವಿಡಿಯೋ ಗೇಮ್ ಇಳಿಸಿದ್ದು. ಮೇಲಿನಿಂದ ಬಣ್ಣದ ಹರಳುಗಳು ಜೋಡಿಜೋಡಿಯಾಗಿ ಬೀಳುತ್ತವೆ, ಒಂದೇ ಬಣ್ಣದವು ಕೂಡಿದರೆ ಒಡೆದು ಮಾಯ. ನಾವು ಒಡೆದಷ್ಟೂ ಎದುರಾಳಿಯ ತಲೆಯ ಮೇಲೆ ಬೂದುಗಲ್ಲು. ಚಿಕ್ಕವರಿದ್ದಾಗ ನನ್ನನ್ನು ಆ ಕಲ್ಲುಗಳಡಿ ಹೂಳುವುದೇ ನಿನಗೆ ಕೆಲಸ. "ಗಡಿಬಿಡಿ, ಬೀಳ್ತಿರೋದನ್ನೇ ನೋಡ್ತಾ ಕೂರ್ಬೇಡ ಕಣೇ, ಮುಂದೆ ಬರೋದನ್ನ ನೋಡು" ಅನ್ನುತ್ತಿದ್ದೆ. ಆ ಹೆಸರೇ ನನಗೆ ಗಟ್ಟಿಯಾಯಿತು.

ಆಡಲು ಎರಡೂ ಹೆಬ್ಬೆರಳು ಬೇಕು. ಎಡಗಡೆಯದು ಹರಳನ್ನು ಸರಿಸಲು, ಬಲಗಡೆಯದು ಕೆಂಪು ಗುಂಡಿ ಒತ್ತಿ ತಿರುಗಿಸಲು. "ಅರ್ಧ ಆಟ ಯಾರಿಗೆ ಬೇಕು" ಎಂದು ನೀನು ಮುಖ ಊದಿಸಿದೆ. ನಾನು ನಿನಗೆ ಅಂಟಿ ಕೂತು ಕೆಂಪು ಗುಂಡಿಯ ಮೇಲೆ ನನ್ನ ಹೆಬ್ಬೆರಳಿಟ್ಟೆ. ಜಾಗ ಸಾಲದೆ ನಿನ್ನ ಬಲಗೈಯನ್ನು ನನ್ನ ಕೈಮೇಲೇ ಒರಗಿಸಿಕೊಂಡೆ. ನಮ್ಮಿಬ್ಬರಿಗೂ ಸೇರಿ ಒಂದೇ ರಿಮೋಟು, ಇನ್ನೊಂದನ್ನು ಹಿಡಿದು ಎದುರಾಳಿಯಾಗಿ ಭಾವ. ಹರಳು ಬಲಕ್ಕೆ ಹೋದರೆ ಅವರೂ ಬಲಕ್ಕೆ ವಾಲುತ್ತಾರೆ. ಆ ಮನುಷ್ಯ ಒಂದು ದಿನ ಕುರ್ಚಿಯಿಂದ ಬೀಳದಿದ್ದರೆ ಕೇಳು.

ನಿನ್ನೆ ಮಧ್ಯಾಹ್ನ ನಮ್ಮ ಕಡೆ ಬೂದುಗಲ್ಲು ಸೂರು ಮುಟ್ಟಿತ್ತು. ಹಸಿರು ಹರಳು ಇಳಿಯುತ್ತಿತ್ತು. "ತಿರುಗ್ಸೇ ಗಡಿಬಿಡಿ" ಎಂದೆ ನೀನು. ನಾನೋ ಭಾವನ ಓಲಾಟ ನೋಡುತ್ತ ಮೈಮರೆತಿದ್ದೆ. "ತಿರುಗ್ಸೇ ಅಂದ್ರೆ." ಹರಳು ತಿರುಗಿತು. ಇಡೀ ರಾಶಿ ಒಂದರ ಹಿಂದೊಂದು ಒಡೆದು ಭಾವ ಕಲ್ಲಿನಡಿ ಮುಳುಗಿಹೋದರು. "ಅಂತೂ ಕೈ ಚುರುಕಾಯ್ತಲ್ಲೇ ನಿಂದು" ಎಂದು ನೀನು ಬಾಯ್ತುಂಬ ನಕ್ಕೆ. ಆ ನಗು ಕೇಳಿ ಎಷ್ಟು ಕಾಲವಾಗಿತ್ತು.

ಅಕ್ಕಾ, ಗುಂಡಿ ಒತ್ತಿದ್ದು ನಾನಲ್ಲ. ನಿನ್ನ ಬಲ ಹೆಬ್ಬೆರಳು ನನ್ನದನ್ನು ಪಕ್ಕಕ್ಕೆ ನೂಕಿ ಒತ್ತಿತು. ನಿನ್ನ ಕಣ್ಣೆಲ್ಲ ಟೀವಿಯ ಮೇಲಿತ್ತು, ನಿನಗೆ ತಿಳಿಯಲೇ ಇಲ್ಲ. ಆಗಲೇ ಹೇಳಿದ್ದರೆ ಮತ್ತೆ ಒತ್ತಲು ಹೋಗಿ, ಬಾರದಿದ್ದರೆ ಆ ಕೈಗೆ ಇನ್ನಷ್ಟು ಶಾಪ ಹಾಕುತ್ತೀ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಇಂದು ಬೆಳಿಗ್ಗೆ ವ್ಯಾಯಾಮದ ಹುಡುಗಿಯನ್ನು ಕೇಳಿದೆ. "ಒಂದ್ಸಲ ಬಂದಿದೆ ಅಂದ್ರೆ ದಾರಿ ಮುಚ್ಚಿಲ್ಲ. ಹೊಲಿಯೋ ಮಟ್ಟಕ್ಕೆ ಬರುತ್ತೋ ಇಲ್ವೋ ಈಗ್ಲೇ ಹೇಳೋಕಾಗಲ್ಲ" ಎಂದಳು. ನನಗೆ ಅಷ್ಟೇ ಸಾಕು.

ಮಿಷನ್ ಕೊಡಬೇಡ. ಬರುವವರಿಗೆ ಬರಬೇಡಿರೆಂದು ಭಾವನ ಕೈಲಿ ಹೇಳಿಸು. ಭಾನುವಾರ ಅದೇ ಹೊತ್ತಿಗೆ ನಾನು ಬರುತ್ತೇನೆ. ಈ ಸಲ ನಿನ್ನ ಪಕ್ಕದಲ್ಲಿ ಕೂರುವುದಿಲ್ಲ, ಭಾವನ ರಿಮೋಟು ಕಿತ್ತುಕೊಂಡು ಎದುರಿಗೆ ಕೂರುತ್ತೇನೆ. ಕೆಂಪು ಗುಂಡಿ ನಿನ್ನ ಪಾಲಿಗೆ.

ನಿನ್ನ ಕೈ ನಿನಗೇ ದಕ್ಕಲಿ.

ಮತ್ತೆ ನಿನ್ನ ಕಲ್ಲಿನಡಿ ಹೂತುಹೋಗಲು ಕಾದಿರುವ,
ಗಡಿಬಿಡಿ