ತೊಳೆದ ಕಲ್ಲುಗಳು

ಅಕ್ಟೋಬರ್ ೧೪, ಮಂಗಳವಾರ. ಯೀಚಾಂಗ್ ಬೆಟ್ಟದ ಮನೆ.

ಎಂಟು ಕಲ್ಲು ಹಾಳಾದವು.

ನಾಲ್ಕು ದಿನ ಕಣಿವೆಯಲ್ಲಿ ಕೂತು ಕಡಿದ ಕೆಂಪು ಮರಳುಗಲ್ಲು. ಎಪ್ಪತ್ತು ಕೋಟಿ ವರ್ಷದ ಹಿಂದೆ ಆ ಮರಳು ನೀರಿನ ತಳಕ್ಕಿಳಿಯುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಉತ್ತರಕ್ಕೆ ಮುಖ ಮಾಡಿ ಮಲಗಿದವು. ಅವನ್ನು ಓದಿದರೆ ಈ ನೆಲ ಆಗ ಭೂಮಿಯ ಮೇಲೆ ಎಲ್ಲಿತ್ತೆಂದು ತಿಳಿಯುತ್ತದೆ. ಆದರೆ ಬಂಡೆಯಿಂದ ಬಿಡಿಸುವ ಮೊದಲೇ ಪ್ರತಿ ಕಲ್ಲಿನ ಮೇಲೂ ಇಂದಿನ ಉತ್ತರಕ್ಕೆ ಬಾಣ ಎಳೆದಿರಬೇಕು. ಬಾಣ ಅಳಿಸಿದರೆ ಕಲ್ಲು ಮೂಕ.

ನಾನು ಸ್ನಾನಕ್ಕೆ ಹೋಗಿದ್ದಾಗ ಮನೆಯೊಡತಿ ಶಿಯಾಂಗ್ ಚಿಕ್ಕಮ್ಮ ಎಂಟನ್ನೂ ಗೆಣಸಿನ ಜೊತೆ ಬುಟ್ಟಿಗೆ ಹಾಕಿ, ಬಿದಿರಿನ ಬ್ರಷ್ಷಿನಿಂದ ತಿಕ್ಕಿ ತೊಳೆದಿದ್ದಳು.

"ಏನು ಕೊಳೆ ಕಣೇ! ಇಷ್ಟು ಓದಿದೀಯ, ಕಲ್ಲು ತೊಳೆದಿಡೋಕೆ ಬರಲ್ವಾ?"

"ಚಿಕ್ಕಮ್ಮ, ಅದರ ಮೇಲೆ ಬಾಣ ಇತ್ತು."

"ಬಾಣ ತಾನೇ? ಅದಕ್ಯಾಕೆ ಮುಖ ಗಂಟು ಹಾಕ್ಕೊಂಡೆ?"

ಹೊಗೆ ಹಾಕಿದ ಹಂದಿಮಾಂಸದ ದೊಡ್ಡ ತುಂಡೇ ನನ್ನ ಬಟ್ಟಲಿಗೆ ಬಿತ್ತು. ನಾನು ಉಂಡು ಏಳುವಷ್ಟರಲ್ಲಿ ಮೊಮ್ಮಗಳ ಪೆನ್ನಿನಿಂದ ಎಂಟಕ್ಕೂ ಬಾಣ ಎಳೆದು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದಳು. ಎಲ್ಲವೂ ಅವಳ ಅಡುಗೆಮನೆಯ ಕಡೆಗೆ.

"ಈಗ ಸರಿಯಾಯ್ತಲ್ಲ? ಇನ್ನು ದಾರಿ ತಪ್ಪಲ್ಲ ಬಿಡು ಅವು."

ನಾಳೆ ಮತ್ತೆ ಕಣಿವೆಗೆ ಹೋಗಿ ಹೊಸದಾಗಿ ಕಡಿಯಬೇಕು. ಇವುಗಳಲ್ಲಿ ಒಂದನ್ನು ಮಾತ್ರ ನನ್ನ ಮೇಜಿಗೆ ಒಯ್ಯುತ್ತೇನೆ. ಬಾಣ ಅಳಿಸುವುದಿಲ್ಲ. ಈ ನೆಲ ಅಂದು ಎಲ್ಲಿತ್ತೆಂದು ಅದು ಇನ್ನು ಹೇಳಲಾರದು. ಹಸಿವಾದಾಗ ನಾನು ಯಾವ ಕಡೆ ತಿರುಗಬೇಕು ಎಂಬುದನ್ನು ಮಾತ್ರ ಹೇಳುತ್ತದೆ.