ಸೊನ್ನೆ ಒತ್ತಿ

ಮಾರ್ಚ್ 3
ಮತ್ತೆ ಸರ್ವರ್ ರೀಸ್ಟಾರ್ಟ್. ಫೋನು, ಫ್ಯಾಕ್ಸು, ಇಮೇಲು — ಮೂರೂ ಒಂದೇ ಇನ್‌ಬಾಕ್ಸಿಗೆ ಬರಬೇಕಂತೆ. ಬಂದವು. ಮ್ಯಾನೇಜರ್ ಮಹಾಶಯ ಮಾಡಿದ್ದೇನು? ಬಂದ ಫ್ಯಾಕ್ಸನ್ನು ಪ್ರಿಂಟ್ ಹಾಕಿ, ಸಹಿ ಮಾಡಿ, ಪಕ್ಕದ ಕೋಣೆಗೆ ಫ್ಯಾಕ್ಸ್ ಮಾಡಿದ. ಕಾಗದ ಮುಟ್ಟದಿದ್ದರೆ ಆ ಮನುಷ್ಯನಿಗೆ ತಿಂದದ್ದು ಜೀರ್ಣವಾಗುವುದಿಲ್ಲ.

ಮಾರ್ಚ್ 6
ಇನ್ನು ಮೇಲೆ ಕರೆಗಳನ್ನು ಸರ್ವರೇ ಎತ್ತುತ್ತದೆ. ಅದಕ್ಕೊಂದು ದನಿ ಬೇಕು. ಇಷ್ಟು ವರ್ಷ ಕರೆ ಎತ್ತುತ್ತಿದ್ದ ಆಪರೇಟರ್ ಅಕ್ಕನಿಂದಲೇ ರೆಕಾರ್ಡ್ ಮಾಡಿಸು ಎಂದ ಮ್ಯಾನೇಜರ್. ತಿಂಗಳ ಕೊನೆಗೆ ಅವರನ್ನು ಮನೆಗೆ ಕಳಿಸುತ್ತಾನೆ — ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಪಾಪ, ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಂಡು ಬಂದರು.

“ಮಾರಾಟಕ್ಕೆ ಒಂದು ಒತ್ತಿ. ರಿಪೇರಿಗೆ ಎರಡು ಒತ್ತಿ. ನನ್ನ ಹತ್ರ ಮಾತಾಡ್ಬೇಕಂದ್ರೆ ಸೊನ್ನೆ ಒತ್ತಿ.”

ಕೊನೆಯ ಸಾಲು ನಾನು ಬರೆದುಕೊಟ್ಟದ್ದಲ್ಲ. ಅಳಿಸಲು ಮನಸ್ಸು ಬರಲಿಲ್ಲ.

“ಚೆನ್ನಾಗಿ ಬಂತೇನಪ್ಪಾ?”

“ಬಂತಕ್ಕಾ.”

ಬಾಯಿಗೆ ಬೀಗ ಹಾಕಿಕೊಂಡು ಎದ್ದು ಬಂದೆ. ನನ್ನಂಥ ಹೇಡಿಗೆ ಸರ್ವರೇ ಸರಿಯಾದ ಜೋಡಿ. ಮ್ಯಾನೇಜರ್ ರೆಕಾರ್ಡಿಂಗ್ ಕೇಳದೆಯೇ ಸೂಪರ್ ಎಂದ.

ಏಪ್ರಿಲ್ 2
ಅಕ್ಕನ ಕುರ್ಚಿ ಖಾಲಿ. ಬೀಳ್ಕೊಡುಗೆಗೆ ಒಂದು ಗೋಡೆ ಗಡಿಯಾರ. ಮ್ಯಾನೇಜರನ ಭಾಷಣ ಮಾತ್ರ ಮಾರುದ್ದ. ಹೊರಡುವಾಗ ಅಕ್ಕ, “ನಿಂಗೆ ಮೊದಲೇ ಗೊತ್ತಿತ್ತಾ?” ಎಂದರು. ವೈರುಗಳನ್ನು ನೋಡುತ್ತ ನಿಂತೆ.

ಏಪ್ರಿಲ್ 11
ಗಿರಾಕಿಗಳೆಲ್ಲ ಸೊನ್ನೆಯನ್ನೇ ಒತ್ತುತ್ತಿದ್ದಾರೆ. ಖಾಲಿ ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತದೆ. ಇವತ್ತು ಎಲ್ಲರಿಗಿಂತ ದೊಡ್ಡ ಗಿರಾಕಿ ಕಾದು ಕಾದು ಬೈದು ಇಟ್ಟರು. ಆ ಬೈಗುಳ ಅಚ್ಚುಕಟ್ಟಾಗಿ ಮ್ಯಾನೇಜರನ ಇನ್‌ಬಾಕ್ಸ್ ಸೇರಿತು. ಕೆಲಸ ಅಂದರೆ ಇದು!

“ಆ ಸೊನ್ನೆ ಕಿತ್ತುಹಾಕಯ್ಯಾ!”

ಐದು ನಿಮಿಷದ ಕೆಲಸ.

“ಆಗಲ್ಲ ಸಾರ್. ಸೊನ್ನೆ ತೆಗೆದ್ರೆ ಫ್ಯಾಕ್ಸೂ ನಿಂತ್ಹೋಗುತ್ತೆ.”

ಮ್ಯಾನೇಜರನ ಮುಖ ಬಿಳುಚಿಕೊಂಡಿತು. ಇಮೇಲ್ ನಿಂತರೆ ಹೇಗೋ ಬದುಕುತ್ತಾನೆ, ಫ್ಯಾಕ್ಸ್ ನಿಂತರೆ ಅನಾಥ.

“ಮತ್ತೇನ್ ಮಾಡೋದು?”

“ಅಲ್ಲಿ ಯಾರಾದ್ರೂ ಕೂತ್ಕೋಬೇಕು ಸಾರ್. ಅದೇ ದನಿಯವರಾದ್ರೆ ಒಳ್ಳೇದು.”

ನಂಬಿದ! ಇಂಥವನ ಕೈಕೆಳಗೆ ದುಡಿಯುತ್ತೇನಲ್ಲ, ಥೂ. ಆದರೂ ಇವತ್ತೊಂದು ದಿನ ಅವನ ದಡ್ಡತನದ ಮೇಲೆ ಪ್ರೀತಿ ಉಕ್ಕುತ್ತಿದೆ.

ಏಪ್ರಿಲ್ 15, ಬೆಳಗ್ಗೆ
ಅಕ್ಕ ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಎದುರು ಹೋಗಿ ನಿಲ್ಲುವ ಧೈರ್ಯವಿಲ್ಲ. ಸರ್ವರ್ ಕೋಣೆಯಿಂದಲೇ ಕಂಪನಿ ನಂಬರಿಗೆ ಫೋನ್ ಮಾಡಿದೆ. ಅವರದೇ ದನಿ — ಒಂದು, ಎರಡು... ಸೊನ್ನೆ ಒತ್ತಿದೆ. ಎತ್ತಿದರು.

“ನೀನೇ ಅಂತ ಗೊತ್ತಪ್ಪಾ. ಈಗಲಾದ್ರೂ ಬಾಯಿ ಬಿಡು.”

ಅಕ್ಕಾ, ಎಂದೆ. ಆಮೇಲೆ — ನಂಗೆ ಮೊದಲೇ ಗೊತ್ತಿತ್ತಕ್ಕಾ, ಎಂದೆ.