ಮೂವತ್ತು ಸೆಕೆಂಡು ಅಲುಗದೆ ನಿಂತವನು

ಅಕ್ಕಾ,

ಬೆಳಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದೆ. ನೀನೂ ಎತ್ತಲಿಲ್ಲ, ಭಾವನೂ ಎತ್ತಲಿಲ್ಲ. ಫೋನ್ ಇರೋದು ಬೀರುವಲ್ಲಿ ಮುಚ್ಚಿಡೋಕಾ? ನಿಮ್ಮೂರಿಗೆ ಈಗ ಹೊರಟಿರೋ ಬಸ್ಸಲ್ಲಿ ಸೀಟಿಲ್ಲ, ಅದಕ್ಕೇ ಡ್ರೈವರ್ ಕೈಯಲ್ಲಿ ಈ ಪತ್ರ ಕೊಟ್ಟು ಕಳಿಸ್ತಿದ್ದೀನಿ.

ರಾತ್ರಿ ಫೋಟೋ ತೆಗೆಯುವಾಗ ಕ್ಯಾಮೆರಾನ ಟ್ರೈಪಾಡ್ ಮೇಲಿಟ್ಟು ಮೂವತ್ತು ಸೆಕೆಂಡು ಶಟರ್ ತೆರೆದಿಡ್ತೀನಿ. ಓಡಾಡುವವರು ಯಾರೂ ಚಿತ್ರದಲ್ಲಿ ಉಳಿಯಲ್ಲ, ಅಲುಗದೆ ನಿಂತವರಷ್ಟೇ ಉಳೀತಾರೆ. ಈ ಪ್ರವಾಸದ ಮೊದಲ ರಾತ್ರಿ ತೆಗೆದ ಕೋಟೆ ಬಾಗಿಲ ಫೋಟೋದಲ್ಲಿ ಒಬ್ಬ ಉಳಿದಿದ್ದ, ಬಲಗೈ ಜೇಬಲ್ಲಿ. ಮುಂದಿನ ಊರಿನ ಗಡಿಯಾರ ಗೋಪುರದ ಕೆಳಗೂ ಅವನೇ. ಹಳೇ ಸೇತುವೆ ಮೇಲೂ ಅವನೇ. ಯಾವನೋ ನನ್ನ ಬೆನ್ನು ಹತ್ತಿದ್ದಾನೆ ಅಂತ ಮೂರು ದಿನ ಜೀವ ಕೈಯಲ್ಲಿ ಹಿಡ್ಕೊಂಡು ಓಡಾಡಿದೆ.

ಇವತ್ತು ನೆನಪಾಯ್ತು. ಹೊರಡುವ ಹಿಂದಿನ ರಾತ್ರಿ, ಟ್ರೈಪಾಡ್ ಸರಿಯಿದೆಯಾ ನೋಡೋಣ ಅಂತ ನಿಮ್ಮ ಮನೆ ಫೋಟೋ ತೆಗೆದಿದ್ದೆ. ಹಿಂಬಾಗಿಲ ಪಕ್ಕ ಯಾರೋ ನಿಂತಿದ್ದರು. ಭಾವ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ. ಈಗ ದೊಡ್ಡದು ಮಾಡಿ ನೋಡಿದೆ. ಬಲಗೈ ಜೇಬಲ್ಲಿದೆ. ಭಾವ ಅವತ್ತು ಊರಲ್ಲೇ ಇರಲಿಲ್ಲ, ಅಲ್ವಾ?

ಹಿಂಬಾಗಿಲ ಚಿಲಕ ಸಡಿಲ ಅಂತ ನೀನು ಹೇಳ್ತಿದ್ದೆ. ಇವತ್ತೇ ಬಡಗಿಯನ್ನ ಕರೆಸು. ಬಡಗಿ ಬರದಿದ್ದರೆ ಮಕ್ಕಳನ್ನ ಕರ್ಕೊಂಡು ಪಕ್ಕದ ಮನೇಲಿ ಮಲಗು. ನಾನು ಸಂಜೆ ಬಸ್ಸಿಗೆ ಬರ್ತೀನಿ, ನನಗೆ ಅಂತ ಊಟ ಎತ್ತಿಡಬೇಡ.

ನಿನ್ನೆ ರಾತ್ರಿ ಅರಮನೆ ಮುಂದೆ ಎಂಟು ಫೋಟೋ ತೆಗೆದೆ. ಒಂದರಲ್ಲೂ ಅವನಿಲ್ಲ.

ನಿನ್ನ ತಮ್ಮ